ಮೈಗಳ್ಳರು ಯಾರು? ದರೋಜಿ ಸೀಮೆಯ ದುಡಿಮೆ ಮತ್ತು ಹೊಸ ತಲೆಮಾರು

ಬಳ್ಳಾರಿ ಸೀಮೆಯ ದರೋಜಿಯ ಚಹದಂಗಡಿಯಲ್ಲಾಗಲಿ, ಕಂಪ್ಲಿಯ ಗದ್ದೆ ಬದುವಿನಲ್ಲಾಗಲಿ, ಹೊಸಪೇಟೆಯ ಸಂತೆಯಲ್ಲಾಗಲಿ ಐವತ್ತು ದಾಟಿದ ನಾಲ್ಕು ಮಂದಿ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: ‘ಈಗಿನ ಹುಡುಗ್ರು ಮೈ ಬಗ್ಸಿ ದುಡಿಯಂಗಿಲ್ಲ ಬಿಡಪ.’ ನಾಟಿಗೆ ಆಳು ಸಿಗುವುದಿಲ್ಲ, ಬಾಳೆಗೊನೆ ಹೊರುವವರಿಲ್ಲ, ಕಬ್ಬು ಕಡಿಯಲು ಹೊರಗಿನವರೇ ಬರಬೇಕು, ಮನೆಮಗ ಮಾತ್ರ ಮೊಬೈಲ್ ಹಿಡಿದು ಕಟ್ಟೆ ಮೇಲೆ ಕೂತಿರುತ್ತಾನೆ ಎಂಬುದು ಆ ಮಾತಿನ ವಿವರ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಇದೇ ದೂರು ಗಂಟೆಯ ಲೆಕ್ಕದಲ್ಲಿ ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ಚೀನಾದಲ್ಲಿ 2021ರಿಂದೀಚೆಗೆ ಪೈಪೋಟಿಯ ಓಟ ಸಾಕು, ಸುಮ್ಮನೆ ಮಲಗಿಬಿಡುತ್ತೇವೆ ಎಂದು ಹೇಳುವ ಯುವಕರ ಸಂಖ್ಯೆ ದೊಡ್ಡದಾಗಿ, ಅಲ್ಲಿನ ಸರ್ಕಾರವೇ ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಯಿತು. ಹಾಗಾಗಿ ಇದು ದರೋಜಿಯೊಂದರ ಚಿಂತೆಯಲ್ಲ. ಆದರೆ ದರೋಜಿಯ ಸುತ್ತ ಮೂವತ್ತು ನಲವತ್ತು ಕಿಲೋಮೀಟರ್ ಒಳಗೆ ಗಣಿ ಇದೆ, ಉಕ್ಕಿನ ಕಾರ್ಖಾನೆ ಇದೆ, ನೀರಾವರಿ ಗದ್ದೆ ಇದೆ, ಪ್ರವಾಸಿಗರ ಹಂಪಿ ಇದೆ, ಕರಡಿಧಾಮ ಇದೆ, ಲಂಬಾಣಿ ತಾಂಡಾಗಳಿವೆ. ದುಡಿಮೆಯ ಇಷ್ಟೊಂದು ಬಗೆಗಳು ಒಂದೇ ಕಡೆ ಸಿಗುವ ಸೀಮೆ ಕರ್ನಾಟಕದಲ್ಲಿ ಕಡಿಮೆ. ಪ್ರಶ್ನೆಯನ್ನು ಇಲ್ಲಿ ನಿಂತು ನೋಡುವುದು ಒಳ್ಳೆಯದು ಅನ್ನಿಸಿದ್ದು ಅದಕ್ಕೇ.

ಹಿರಿಯರ ದೂರನ್ನು ತಳ್ಳಿಹಾಕಿ ಬರೆಯುವುದು ನನ್ನ ಉದ್ದೇಶವಲ್ಲ. ಅದರಲ್ಲಿ ನಿಜವಿದೆ, ನೋವೂ ಇದೆ. ಆದರೆ ಈ ನೆಲದಲ್ಲಿ ‘ಸೋಮಾರಿ’ ಎಂಬ ಆರೋಪಕ್ಕೆ ಹಳೆಯ ಚರಿತ್ರೆಯೊಂದಿದೆ. ಅದನ್ನು ಮೊದಲು ನೋಡಬೇಕು.

ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಕಾಲುವೆಗೆ ನೀರು ಬಂತು. ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ ಕಟ್ಟಿದ ಅಣೆಕಟ್ಟೆ ಅದು. ಸಾವಿರಾರು ಜನರ ಕೈದುಡಿಮೆಯಿಂದ ಎದ್ದದ್ದು. ನೀರು ಹರಿದದ್ದು ಜೋಳ, ಹತ್ತಿ, ನವಣೆ ಬೆಳೆಯುತ್ತಿದ್ದ ಎರೆ ಹೊಲಗಳಿಗೆ. ಮಳೆ ನಂಬಿ ಬದುಕಿದ್ದ ಇಲ್ಲಿನ ರೈತನಿಗೆ ಗದ್ದೆ ಸಮ ಮಾಡುವುದು, ನೀರು ಕಟ್ಟುವುದು, ಭತ್ತದ ನಾಟಿ ಹೊಸದು. ಜಮೀನು ಹದ ಮಾಡಲು ಬೇಕಾದ ದುಡ್ಡೂ ಇರಲಿಲ್ಲ. ಅದೇ ಹೊತ್ತಿಗೆ ಕರಾವಳಿ ಆಂಧ್ರದ ರೈತರು ಬಂದರು. ಅಲ್ಲಿ ಸ್ವಲ್ಪ ಜಮೀನು ಮಾರಿ ಇಲ್ಲಿ ಕಡಿಮೆ ಬೆಲೆಗೆ ಬಹಳಷ್ಟು ಕೊಂಡರು, ಭತ್ತ ಬೆಳೆದು ತೋರಿಸಿದರು. ಸಿರುಗುಪ್ಪ, ಗಂಗಾವತಿ, ಸಿಂಧನೂರು, ಕಂಪ್ಲಿ ಸುತ್ತ ಇವತ್ತಿಗೂ ಊರ ಹೆಸರಿನ ಕೊನೆಗೆ ‘ಕ್ಯಾಂಪ್’ ಎಂದಿದ್ದರೆ ಅದು ಆ ದಿನಗಳ ಗುರುತು. ಆಗ ಎಲ್ಲರ ಬಾಯಲ್ಲೂ ಇದ್ದ ಮಾತೇನು? ಆಂಧ್ರದವರು ದುಡಿಮೆಗಾರರು, ಇಲ್ಲಿನವರು ಮೈಗಳ್ಳರು.

ಇದು ಸುಳ್ಳು ಎನ್ನುವುದಕ್ಕೆ ಪುರಾವೆ ಹತ್ತಿರದಲ್ಲೇ ಇತ್ತು. ಹೊಸಪೇಟೆ, ಕಮಲಾಪುರ, ಹಂಪಿಯ ರೈತರು ವಿಜಯನಗರದ ಕಾಲದ ಕಾಲುವೆಗಳಲ್ಲಿ ಐದು ಶತಮಾನ ಭತ್ತ, ಕಬ್ಬು, ಬಾಳೆ ಬೆಳೆದುಕೊಂಡೇ ಬಂದಿದ್ದರು. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತ ಕಾಲುವೆಗಳ ಹೂಳೆತ್ತಿ, ಸರದಿ ಪ್ರಕಾರ ನೀರು ಹಂಚಿಕೊಂಡು ಬದುಕಿದ ಜನ ಅವರು. ನೀರಿದ್ದ ಕಡೆ ನೀರಾವರಿಯ ದುಡಿಮೆ ಗೊತ್ತಿತ್ತು, ಇಲ್ಲದ ಕಡೆ ಗೊತ್ತಿರಲಿಲ್ಲ. ಬಂಡವಾಳ ಇದ್ದವರು, ಕಸುಬು ಬಲ್ಲವರು ಗೆದ್ದರು. ಸೋತವರಿಗೆ ಸೋಮಾರಿ ಎಂಬ ಹೆಸರು ಬಂತು. ಇಂದು ಮೊಮ್ಮಕ್ಕಳನ್ನು ಬೈಯುವ ಅಜ್ಜಂದಿರು ಹುಡುಗರಾಗಿದ್ದಾಗ ಇದೇ ಹೆಸರನ್ನು ಹೊತ್ತವರು.

ಆ ಅಜ್ಜಂದಿರ ದುಡಿಮೆ ಎಂಥದು ಎಂಬುದನ್ನೂ ಪೂರ್ತಿ ನೆನಪಿಸಿಕೊಳ್ಳಬೇಕು. ಬಿತ್ತನೆ, ರಾಶಿಯ ಕಾಲಕ್ಕೆ ಮುಯ್ಯಾಳು ಹೋಗುವ ಪದ್ಧತಿ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದರ ಸೊಗಸು ದೊಡ್ಡದು. ಹೊಲ ಇದ್ದವರ ನಡುವೆ ನಡೆಯುತ್ತಿದ್ದ ಆ ಲೇವಾದೇವಿಯ ಪಕ್ಕದಲ್ಲೇ ಇನ್ನೊಂದು ಏರ್ಪಾಡು ಇತ್ತು. ಹೊಲ ಇಲ್ಲದವನು ಮದುವೆಗೋ ಕಾಯಿಲೆಗೋ ಮುಂಗಡ ತೆಗೆದುಕೊಂಡು ಗೌಡರ ಮನೆಯಲ್ಲಿ ವರ್ಷದ ಸಂಬಳಕ್ಕೆ ಆಳಾಗಿ ನಿಲ್ಲುತ್ತಿದ್ದ. ಯುಗಾದಿಗೆ ಲೆಕ್ಕ. ಲೆಕ್ಕದ ಪುಸ್ತಕ ಗೌಡರ ಕೈಯಲ್ಲಿ. ಸಾಲ ತೀರದಿದ್ದರೆ ಇನ್ನೊಂದು ವರ್ಷ, ಅವನು ಸತ್ತರೆ ಮಗ. ಕೋಳಿ ಕೂಗುವ ಮೊದಲು ಎದ್ದು ದನದ ಸಗಣಿ ಬಾಚಿ, ಇಡೀ ದಿನ ಹೊಲ ಗೆಯ್ದು, ರಾತ್ರಿ ಹಿತ್ತಲ ಬಾಗಿಲಲ್ಲಿ ಊಟಕ್ಕೆ ಕೈಯೊಡ್ಡಿದವನ ದುಡಿಮೆಯನ್ನು ನಾವು ‘ಹಿಂದಿನವರ ಶ್ರದ್ಧೆ’ ಎನ್ನುತ್ತೇವೆ. ಜೀತಪದ್ಧತಿ ರದ್ದಿಯಾತಿ ಕಾಯ್ದೆ ಬಂದದ್ದು 1976ರಲ್ಲಿ. ಆ ಆಳಿನ ಮೊಮ್ಮಗ ಇವತ್ತು ಅದೇ ಹೊಲಕ್ಕೆ, ಅದೇ ಮನೆಯವರ ಕೂಲಿಗೆ ಹೋಗಲು ಒಪ್ಪುವುದಿಲ್ಲ. ಅವನನ್ನು ಮೈಗಳ್ಳ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಾತ ಹೇಳಲಾರದ ‘ಒಲ್ಲೆ’ಯನ್ನು ಮೊಮ್ಮಗ ಹೇಳುತ್ತಿದ್ದಾನೆ.

ಇನ್ನು ಗಣಿಯ ಕಥೆ. ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಅಗೆಯುವ ಕೆಲಸ ಇಪ್ಪತ್ತನೇ ಶತಮಾನದ ಆರಂಭದಿಂದಲೇ ಇತ್ತು. 1954ರಲ್ಲಿ ಘೋರ್ಪಡೆ ಮನೆತನದ ಸಂಡೂರು ಮ್ಯಾಂಗನೀಸ್ ಕಂಪನಿ ಬಂತು, 1977ರಲ್ಲಿ ಎನ್‌ಎಂಡಿಸಿಯ ದೋಣಿಮಲೈ ಗಣಿ ಕೆಲಸ ಆರಂಭಿಸಿತು. ಅವುಗಳಲ್ಲಿ ಕೆಲಸಕ್ಕೆ ಸೇರಿದವನಿಗೆ ಕ್ವಾರ್ಟರ್ಸ್, ಆಸ್ಪತ್ರೆ, ಮಕ್ಕಳಿಗೆ ಶಾಲೆ, ನಿವೃತ್ತಿಗೆ ಪಿ.ಎಫ್. ಇದ್ದವು. ಈ ಸೀಮೆಯ ಒಂದು ತಲೆಮಾರು ನಿಷ್ಠೆಯಿಂದ ಗಣಿ ಕೆಲಸ ಮಾಡಿದ್ದು ಸುಳ್ಳಲ್ಲ. ಆ ನಿಷ್ಠೆಗೆ ಕಂಪನಿ ಬೆನ್ನಿಗೆ ನಿಂತದ್ದೂ ಅಷ್ಟೇ ನಿಜ.

2003ರ ನಂತರ ಎಲ್ಲ ಬದಲಾಯಿತು. ಚೀನಾ ಕಬ್ಬಿಣದ ಅದಿರನ್ನು ಭಾರಿ ಪ್ರಮಾಣದಲ್ಲಿ ಕೊಳ್ಳಲು ಶುರು ಮಾಡಿತು, 2008ರ ಬೀಜಿಂಗ್ ಒಲಿಂಪಿಕ್ಸ್ ಹತ್ತಿರವಾದಂತೆ ಅದಿರಿನ ಬೆಲೆ ಹಲವು ಪಟ್ಟು ಏರಿತು. ಶೇಂಗಾ, ಮೆಣಸಿನಕಾಯಿ ಬೆಳೆಯುತ್ತಿದ್ದ ಪಟ್ಟಾ ಜಮೀನಿನ ಮೇಲ್ಮಣ್ಣನ್ನೇ ಕೆದಕಿ ಅದಿರು ಆರಿಸಿ ಮಾರಿದರು. ಹೆಂಗಸರು, ಮಕ್ಕಳು ಬಿಸಿಲಲ್ಲಿ ಕೂತು ಸುತ್ತಿಗೆಯಿಂದ ಅದಿರು ಒಡೆದರು. ಹತ್ತನೇ ತರಗತಿ ಬಿಟ್ಟ ಹುಡುಗ ಕ್ಲೀನರ್ ಆದ, ಡ್ರೈವರ್ ಆದ, ಆಮೇಲೆ ಫೈನಾನ್ಸ್‌ನಲ್ಲಿ ಸಾಲ ಮಾಡಿ ತಾನೇ ಲಾರಿ ಮಾಲೀಕನಾದ. ಸಂಡೂರಿನಿಂದ ಬೇಲೆಕೇರಿ, ಕೃಷ್ಣಪಟ್ಟಣ ಬಂದರುಗಳ ದಾರಿಯಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ಆ ಹುಡುಗರು ನಿದ್ದೆಗೆಟ್ಟು ದುಡಿದರು ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹದಿನೆಂಟು ಗಂಟೆ ಸ್ಟೀರಿಂಗ್ ಹಿಡಿದವರಿಗೆ ವಾರದ 70 ಗಂಟೆಯ ಉಪದೇಶ ಬೇಕಿರಲಿಲ್ಲ.

2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಬೊಕ್ಕಸಕ್ಕೆ ಹದಿನಾರು ಸಾವಿರ ಕೋಟಿಗೂ ಮಿಗಿಲಾದ ನಷ್ಟವಾಗಿದೆ ಎಂದು ಅದು ಲೆಕ್ಕ ಹಾಕಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅದೇ ತಿಂಗಳ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿ. ಆ ಗುಡ್ಡಗಳನ್ನು, ಆ ನೀರನ್ನು ನೋಡಿದವರು ಬೇರೆ ಮಾತು ಹೇಳಲಾರರು. ಆದರೆ ಲೂಟಿ ಹೊಡೆದವರ ಮನೆಯಲ್ಲಿ ಒಲೆ ಆರಲಿಲ್ಲ. ಕಂತು ಕಟ್ಟಲಾರದ ಹುಡುಗರ ಲಾರಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಶಾಲೆ ಬಿಟ್ಟವನಿಗೆ ಮತ್ತೆ ಶಾಲೆ ಇಲ್ಲ, ಹೊಲ ಅಗೆದವನಿಗೆ ಮತ್ತೆ ಹೊಲ ಇಲ್ಲ. ಇವತ್ತು ಇಪ್ಪತ್ತರ ಆಸುಪಾಸಿನಲ್ಲಿರುವ ಹುಡುಗ ಆಗ ಐದಾರು ವರ್ಷದವನು. ಮನೆಯ ಮುಂದೆ ನಿಂತ ಲಾರಿ ಹೋದದ್ದನ್ನು, ಅಪ್ಪ ಮಾತು ಬಿಟ್ಟದ್ದನ್ನು ಕಂಡು ಬೆಳೆದವನು. ಕಷ್ಟಪಟ್ಟರೆ ಫಲ ಇದೆ ಎಂದು ಅವನಿಗೆ ಹೇಳಿದರೆ ಅವನು ಸುಮ್ಮನೆ ನಮ್ಮ ಮುಖ ನೋಡುತ್ತಾನೆ. ಆ ನೋಟಕ್ಕೆ ನಾವು ಉತ್ತರ ಕೊಡಬೇಕಾಗಿದೆ.

ಕಂಪನಿಯ ನೌಕರಿಯೂ ಭದ್ರವಲ್ಲ ಎಂಬುದನ್ನು 2018 ತೋರಿಸಿತು. ಗುತ್ತಿಗೆ ನವೀಕರಣದ ತಕರಾರಿನಲ್ಲಿ ದೋಣಿಮಲೈ ಗಣಿ ಆ ವರ್ಷದ ನವೆಂಬರ್‌ನಲ್ಲಿ ನಿಂತಿತು. ಮತ್ತೆ ಶುರುವಾದದ್ದು 2021ರಲ್ಲಿ. ಕುಡತಿನಿಯ ಕಥೆ ಇನ್ನೂ ಕಹಿ. 2010ರ ಸುಮಾರಿಗೆ ಕುಡತಿನಿ, ವೇಣಿವೀರಾಪುರ, ಹರಗಿನಡೋಣಿ, ಜಾನೆಕುಂಟೆ ಭಾಗದ ಸಾವಿರಾರು ಎಕರೆಯನ್ನು ಉಕ್ಕಿನ ಕಾರ್ಖಾನೆಗಳಿಗೆಂದು ಸ್ವಾಧೀನ ಮಾಡಿಕೊಂಡರು. ಮನೆಗೊಂದು ಕೆಲಸ ಸಿಗುತ್ತದೆ ಎಂದು ಜನ ನಂಬಿದ್ದರು. ಕಾರ್ಖಾನೆ ಏಳಲಿಲ್ಲ. ಜಮೀನು ಕಳಕೊಂಡವರು 2022ರ ಡಿಸೆಂಬರ್‌ನಲ್ಲಿ ಧರಣಿ ಕೂತರು. ಹೊಲ ಹೋಗಿ, ಕಾರ್ಖಾನೆ ಬಾರದೆ ಉಳಿದ ಊರಿನಲ್ಲಿ ಹುಡುಗರು ಕಟ್ಟೆ ಮೇಲೆ ಕೂತಿದ್ದರೆ, ಅವರಿಗೆ ಬೇರೆ ಕೂರುವ ಜಾಗ ಯಾವುದಿದೆ?

ತೋರಣಗಲ್ಲಿನ ಜಿಂದಾಲ್ ಕಾರ್ಖಾನೆ ಎದ್ದಿದೆ. ದೇಶದ ಅತಿದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಅದೂ ಒಂದು. ಸುತ್ತಲ ಹಳ್ಳಿಗಳಿಂದ ನಸುಕಿನ ಪಾಳಿಗೆ ಹೊರಡುವ ಹುಡುಗರನ್ನು ನೋಡಿದವರು ಈ ತಲೆಮಾರನ್ನು ಸೋಮಾರಿ ಎನ್ನುವ ಮೊದಲು ಯೋಚಿಸುತ್ತಾರೆ. ಇನ್ನೂ ಕತ್ತಲು. ಬೈಕಿನ ಹ್ಯಾಂಡಲ್‌ಗೆ ಹಳದಿ ಹೆಲ್ಮೆಟ್, ಬ್ಯಾಗಿನಲ್ಲಿ ರೊಟ್ಟಿ ಪಲ್ಯದ ಡಬ್ಬಿ, ಕಾಲಲ್ಲಿ ಉಕ್ಕಿನ ಮುಂಗಾಲಿನ ಸೇಫ್ಟಿ ಶೂ, ಕೊರಳಲ್ಲಿ ಗೇಟ್ ಪಾಸ್. ಆ ಪಾಸ್ ಯಾರ ಹೆಸರಿನಲ್ಲಿದೆ ನೋಡಿ. ಬಹುಪಾಲು ಹುಡುಗರದು ಗುತ್ತೇದಾರನ ಹೆಸರಿನಲ್ಲಿ. ಗುತ್ತೇದಾರ ಬದಲಾದರೆ ಪಾಸ್ ಬದಲು, ಕೆಲಸದ ವರ್ಷಗಳ ಲೆಕ್ಕ ಮತ್ತೆ ಸೊನ್ನೆಯಿಂದ. ಖಾಯಂ ನೌಕರನೂ ಗುತ್ತಿಗೆಯವನೂ ಒಂದೇ ಕುಲುಮೆಯ ಮುಂದೆ ಬೆವರು ಸುರಿಸಿ ಬೇರೆ ಬೇರೆ ಪಗಾರ ಎಣಿಸುತ್ತಾರೆ. ಹೀಗಿದ್ದೂ ಅವರು ಹೋಗುತ್ತಾರೆ. ಹತ್ತು ವರ್ಷ ಅಲ್ಲೇ ಇರುತ್ತೇನೆ, ಕಂಪನಿ ನನ್ನದು ಎಂದು ಮಾತ್ರ ಹೇಳುವುದಿಲ್ಲ. ನಿಷ್ಠೆ ಕಮ್ಮಿಯಾಗಿದೆ ಎಂದು ಮೇಲಧಿಕಾರಿಗಳು ದೂರುತ್ತಾರೆ. ಕಂಪನಿ ತನ್ನವನೆಂದು ಬರೆದುಕೊಳ್ಳದವನು ಕಂಪನಿಯನ್ನು ತನ್ನದೆಂದು ಏಕೆ ತಿಳಿಯಬೇಕು?

ಇಲ್ಲೊಂದು ಮಾತು ಸದಾ ಎದುರಾಗುತ್ತದೆ: ನಮ್ಮ ಹುಡುಗರು ಒಲ್ಲೆ ಎಂದ ಕೆಲಸವನ್ನು ಬಿಹಾರದವರು, ಒಡಿಶಾದವರು ಬಂದು ಮಾಡುತ್ತಾರಲ್ಲ? ಮಾಡುತ್ತಾರೆ. ಆದರೆ ಆ ಬಿಹಾರದ ಹುಡುಗನಿಗೂ ಇಪ್ಪತ್ತೆರಡೇ ವರ್ಷ. ಅವನ ಕೈಯಲ್ಲೂ ಅದೇ ಮೊಬೈಲ್. ತಲೆಮಾರೇ ಕೆಟ್ಟಿದ್ದರೆ ಅವನೂ ಕೆಡಬೇಕಿತ್ತು. ಅವನು ಒಂದು ಕೋಣೆಯಲ್ಲಿ ಎಂಟು ಹತ್ತು ಜನರ ಜೊತೆ ಮಲಗಿ, ಹಬ್ಬ ಹುಣ್ಣಿಮೆ ಬಿಟ್ಟು, ಗುತ್ತೇದಾರ ಕೊಟ್ಟಷ್ಟಕ್ಕೆ ದುಡಿಯುವುದು ಹಿಂದಿರುಗಲು ದಾರಿ ದೂರ ಇರುವುದರಿಂದ. ಜಗಳಾಡಲು ಅವನ ಬೆನ್ನಿಗೆ ಊರಿಲ್ಲ. ಗುತ್ತೇದಾರರಿಗೆ ಅವನು ಅಚ್ಚುಮೆಚ್ಚಾಗುವುದಕ್ಕೆ ಇದೂ ಕಾರಣ. ದರೋಜಿಯ ಹುಡುಗ ಬೆಂಗಳೂರಿಗೆ ಹೋದಾಗ ಅವನೂ ಹಾಗೇ ಆಗುತ್ತಾನೆ. ಊರಲ್ಲಿ ಗೊನೆ ಹೊರಲು ಒಲ್ಲೆ ಎಂದವನು ಅಲ್ಲಿ ಬೆನ್ನಿಗೆ ಊಟದ ಚೀಲ ಕಟ್ಟಿಕೊಂಡು ಮಳೆಯಲ್ಲಿ ಹನ್ನೆರಡು ಗಂಟೆ ಬೈಕ್ ಓಡಿಸುತ್ತಾನೆ. ಅಲ್ಲಿ ಯಾರ ಮನೆಯ ಆಳು ಎಂದು ಯಾರೂ ಕೇಳುವುದಿಲ್ಲ. ತಾತನ ಹೆಸರು, ಕೇರಿಯ ಹೆಸರು ಯಾರಿಗೂ ಗೊತ್ತಿಲ್ಲ. ಆ ದುಡಿಮೆಯೂ ಭದ್ರವಲ್ಲ. ಗಿಗ್ ಕಾರ್ಮಿಕರ ಕಲ್ಯಾಣಕ್ಕೆಂದು ಕರ್ನಾಟಕ 2025ರಲ್ಲಿ ಕಾಯ್ದೆ ತಂದದ್ದು ಆ ಅಭದ್ರತೆ ಕಂಡೇ. ಒಬ್ಬನೇ ಮನುಷ್ಯ ಊರಲ್ಲಿ ಸೋಮಾರಿ, ಶಹರದಲ್ಲಿ ಶ್ರಮಜೀವಿ ಆಗುವುದಾದರೆ ಕುತ್ತು ಅವನ ಮೈಯಲ್ಲಿಲ್ಲ, ಊರಿನ ದುಡಿಮೆಗೆ ಅಂಟಿಕೊಂಡಿರುವ ಅವಮಾನದಲ್ಲಿದೆ.

ಗಂಟೆಗಳ ಲೆಕ್ಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಅದರ ಹಿಂದೆ ಕಾರ್ಮಿಕರ ಹಲವು ದಶಕಗಳ ಹೋರಾಟವಿತ್ತು. 2023ರಲ್ಲಿ ನಮ್ಮ ರಾಜ್ಯ ದಿನಕ್ಕೆ 12 ಗಂಟೆವರೆಗೆ ದುಡಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. 2024ರಲ್ಲಿ ಐ.ಟಿ. ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಅರ್ಥಶಾಸ್ತ್ರಜ್ಞ ಕೇನ್ಸ್ 1930ರಲ್ಲೇ, ನೂರು ವರ್ಷದೊಳಗೆ ಮನುಷ್ಯ ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕಾಗುವ ಕಾಲ ಬರಬಹುದು ಎಂದು ಬರೆದಿದ್ದರು. ಯಂತ್ರಗಳು ಬಂದವು, ಆ ಕಾಲ ಬರಲಿಲ್ಲ. ಯಂತ್ರ ಉಳಿಸಿದ ಹೊತ್ತು ಯಾರ ಪಾಲಾಯಿತು ಎಂದು ಹೊಸ ತಲೆಮಾರು ಕೇಳುವುದು ನ್ಯಾಯವೇ.

ಓದಿದವರ ಪಾಡು ಬೇರೆ. ಬಿ.ಎ., ಬಿ.ಕಾಂ. ಮುಗಿಸಿದ ಹುಡುಗ ಧಾರವಾಡದ ಬಾಡಿಗೆ ಕೋಣೆಯಲ್ಲಿ ವರ್ಷಗಟ್ಟಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತಿರುತ್ತಾನೆ. ಸಂವಿಧಾನದ 371(ಜೆ) ತಿದ್ದುಪಡಿಯಿಂದ 2013ರ ನಂತರ ಬಳ್ಳಾರಿಯೂ ಸೇರಿ ಕಲ್ಯಾಣ ಕರ್ನಾಟಕದವರಿಗೆ ನೇಮಕಾತಿಯಲ್ಲಿ ಪಾಲು ಸಿಕ್ಕಿತು. ಆಸೆ ಇನ್ನಷ್ಟು ಬಲವಾಯಿತು. ಅಪ್ಪ ಹೊಲ ಅಡ ಇಟ್ಟು ಫೀ ಕಟ್ಟುತ್ತಾನೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. 2024ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಅನುವಾದದ ತಪ್ಪುಗಳಿಂದಾಗಿ ಮತ್ತೆ ನಡೆಸಬೇಕಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ಭಾರತ ಉದ್ಯೋಗ ವರದಿ ಹೇಳುವಂತೆ 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇ 29.1, ಓದು ಬರಹ ಬಾರದವರಲ್ಲಿ ಶೇ 3.4. ಓದಿದಷ್ಟೂ ಕೆಲಸ ದೂರ. ಬೆಳಗಿನ ಐದಕ್ಕೆ ಎದ್ದು ಗ್ರಂಥಾಲಯದ ಬಾಗಿಲಲ್ಲಿ ನಿಲ್ಲುವ ಹುಡುಗನ ಶ್ರಮವನ್ನು ಶ್ರಮ ಎಂದು ಮನೆಯವರೂ ಒಪ್ಪುವುದಿಲ್ಲ, ಏಕೆಂದರೆ ಅದಕ್ಕೆ ಕೂಲಿ ಇಲ್ಲ.

ಗ್ಯಾರಂಟಿ ಯೋಜನೆಗಳಿಂದ ಜನ ಕೆಟ್ಟರು ಎಂಬ ಮಾತೂ ಈಚೆಗೆ ಜೋರಾಗಿದೆ. 2024ರ ಜನವರಿಯಲ್ಲಿ ಶುರುವಾದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಅದೂ ಎರಡು ವರ್ಷ ಮಾತ್ರ. ಮೂರು ಸಾವಿರಕ್ಕೆ ಧಾರವಾಡದಲ್ಲಿ ಒಂದು ಕೋಣೆಯ ಬಾಡಿಗೆ ಹೊಂದೀತು. ಅದನ್ನು ನೆಚ್ಚಿ ಯಾರೂ ಜೀವನ ಕಟ್ಟುವುದಿಲ್ಲ. ಅಕ್ಕಿ, ಗೃಹಲಕ್ಷ್ಮಿ, ಉದ್ಯೋಗ ಖಾತ್ರಿ ಮಾಡಿದ ಬದಲಾವಣೆ ಬೇರೆ: ಹಸಿವಿಗೆ ಹೆದರಿ ಸಿಕ್ಕಷ್ಟಕ್ಕೆ ದುಡಿಯಬೇಕಾದ ಗತಿ ತಪ್ಪಿತು. 2025-26ರಲ್ಲಿ ಖಾತ್ರಿ ಕೆಲಸದ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇದ್ದಾಗ 200ಕ್ಕೆ ಕಳೆ ಕೀಳಲು ಬಾ ಎಂದರೆ ಯಾರು ಬಂದಾರು? ಹೊಲದವನ ಕಷ್ಟವೂ ಸುಳ್ಳಲ್ಲ. ಮೆಣಸಿನಕಾಯಿಗೆ ಬೆಲೆ ಕುಸಿದ ವರ್ಷ ಅವನು ಎಲ್ಲಿಂದ ಕೂಲಿ ಕೊಡಬೇಕು? ಕೂಲಿಯವನು ಮತ್ತು ಸಣ್ಣ ರೈತ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ; ಬೆಲೆ ನಿಗದಿ ಮಾಡುವವರು ಆ ಬೈಗುಳದಿಂದ ದೂರ ಇರುತ್ತಾರೆ.

ಇಷ್ಟು ಹೊತ್ತು ಹುಡುಗರ ಮಾತೇ ಆಯಿತು. ಈ ಚರ್ಚೆ ಎಲ್ಲೆಡೆ ಹೀಗೇ ನಡೆಯುತ್ತದೆ, ಹುಡುಗಿಯರು ಇದರಲ್ಲಿ ಇರುವುದೇ ಇಲ್ಲ. ‘ಈಗಿನ ಹುಡುಗಿಯರು ದುಡಿಯುವುದಿಲ್ಲ’ ಎಂದು ಯಾರೂ ಹೇಳದಿರಲು ಕಾರಣವಿದೆ: ಅವರು ಕೂತದ್ದನ್ನು ಯಾರೂ ಕಂಡಿಲ್ಲ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರು ಕೂಲಿಯಿಲ್ಲದ ಮನೆಗೆಲಸಕ್ಕೆ ದಿನಕ್ಕೆ ಕೊಡುತ್ತಿದ್ದ ಸಮಯ 2019ರಲ್ಲಿ 315 ನಿಮಿಷ, 2024ರಲ್ಲಿ 305. ಐದು ವರ್ಷದಲ್ಲಿ ಹತ್ತು ನಿಮಿಷ ಇಳಿದಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದರೋಜಿಯ ಹುಡುಗಿ ಟಿಕೆಟ್ ಚಿಂತೆಯಿಲ್ಲದೆ ಹೊಸಪೇಟೆಯ ಕಾಲೇಜಿಗೋ ಬಳ್ಳಾರಿಯ ಜೀನ್ಸ್ ಘಟಕಕ್ಕೋ ಹೋಗಬಹುದು. ಬಸ್ಸು ಹತ್ತುವ ಮೊದಲು ನೀರು ಹಿಡಿದು, ರೊಟ್ಟಿ ಬಡಿದು, ಪಾತ್ರೆ ತೊಳೆದು ಹೊರಡುತ್ತಾಳೆ. ಅವಳು ಕೆಲಸದ ಬಗ್ಗೆ ತಾಯಿಗಿಂತ ಬೇರೆ ಥರ ಯೋಚಿಸುತ್ತಾಳೆ ಎನ್ನುವುದು ನಿಜ. ಸ್ವಂತ ಬ್ಯಾಂಕ್ ಖಾತೆ ಬೇಕು ಎನ್ನುತ್ತಾಳೆ, ಮದುವೆಯಾದ ಮೇಲೂ ದುಡಿಯುತ್ತೇನೆ ಎನ್ನುತ್ತಾಳೆ. ದುಡಿಮೆಯ ಮೇಲೆ ಇಷ್ಟು ಪ್ರೀತಿ ಇರುವವರನ್ನು ಬಿಟ್ಟು ತಲೆಮಾರಿನ ಗುಣ ಅಳೆಯುವುದು ಅನ್ಯಾಯ.

ಸಂಡೂರಿನ ತಾಂಡಾದ ಹೆಂಗಸರ ಕಸೂತಿ ಈ ವಿಷಯದಲ್ಲಿ ಒಂದು ಪಾಠ. ಕೂಲಿಗೆ, ಗಣಿಗೆ, ಕಬ್ಬಿನ ಹಂಗಾಮಿಗೆ ವಲಸೆ ಹೋಗುತ್ತಿದ್ದ ಲಂಬಾಣಿ ಹೆಂಗಸರು ಬಿಡುವಿನಲ್ಲಿ ತಮಗೆಂದು ಹಾಕುತ್ತಿದ್ದ ಹೊಲಿಗೆಯನ್ನು ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಜೀವನೋಪಾಯವಾಗಿ ಬೆಳೆಸಿತು. ಹದಿನಾಲ್ಕು ಬಗೆಯ ಹೊಲಿಗೆ, ಕನ್ನಡಿ, ಕವಡೆ. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಲ್ಲಿ ಕಿರಿಯ ಹೆಂಗಸರೂ ಸೂಜಿ ಹಿಡಿಯುತ್ತಾರೆ, ಯಾಕೆಂದರೆ ಹೊಲಿದದ್ದಕ್ಕೆ ದುಡ್ಡು ಕೈಗೆ ಬರುತ್ತದೆ, ಮನೆ ಬಿಟ್ಟು ಗುಳೆ ಹೋಗಬೇಕಿಲ್ಲ, ತಮ್ಮ ಹೆಸರಿಗೆ ಮರ್ಯಾದೆ ಇದೆ. ಈ ಮೂರೂ ಇರುವ ಕಡೆ ಹೊಸಬರು ಕೆಲಸ ಬಿಟ್ಟು ಓಡುವುದನ್ನು ನಾನು ನೋಡಿಲ್ಲ.

ಹಂಪಿಯಲ್ಲಿ ಅಂಥ ನೆಲೆ ಸಿಗಲಿಲ್ಲ. ವಿರೂಪಾಕ್ಷ ಬೀದಿಯ ಅಂಗಡಿ ಮನೆಗಳನ್ನು 2011ರಲ್ಲಿ ತೆರವು ಮಾಡಿದರು, ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನು 2020ರಲ್ಲಿ ಕೆಡವಿದರು, ಅದರ ಬೆನ್ನಿಗೇ ಕೊರೊನಾ ಬಂತು. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕು ಭಾಷೆ ತಾನೇ ಕಲಿತು ಪ್ರವಾಸಿಗರನ್ನು ನಂಬಿದ ಹುಡುಗ ಚಳಿಗಾಲದ ನಾಲ್ಕು ತಿಂಗಳು ಆಟೊ ಓಡಿಸಿ ಉಳಿದ ಎಂಟು ತಿಂಗಳು ಏನು ಮಾಡಬೇಕೆಂದು ಯಾರೂ ಯೋಚಿಸಲಿಲ್ಲ.

ಹಿರಿಯರ ದೂರಿನಲ್ಲಿ ನಿಜವಿದೆ ಎಂದು ಮೊದಲೇ ಹೇಳಿದೆ. ಆ ನಿಜ ನನಗೆ ಕಾಣುವುದು ದರೋಜಿಯ ಈರಮ್ಮನನ್ನು ನೆನೆದಾಗ. ಬುಡ್ಗ ಜಂಗಮ ಸಮುದಾಯದ ಈರಮ್ಮ ಹುಟ್ಟಿದ್ದು 1930ರಲ್ಲಿ, ತೀರಿಕೊಂಡದ್ದು 2014ರ ಆಗಸ್ಟ್‌ನಲ್ಲಿ. ಅಕ್ಷರ ಕಲಿತವರಲ್ಲ. ತಂಬೂರಿ ಹಿಡಿದು, ಪಕ್ಕದಲ್ಲಿ ಡಿಮ್ಮಿ ನುಡಿಸುವ ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮನ ಜೊತೆ ಬುರ್ರಕಥೆ ಹೇಳುತ್ತಿದ್ದರು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಮುಂತಾಗಿ ಹನ್ನೆರಡು ಮಹಾಕಾವ್ಯಗಳು, ಎರಡು ಲಕ್ಷ ಪದಗಳಷ್ಟು, ಅವರ ನಾಲಗೆಯ ಮೇಲಿದ್ದವು ಎನ್ನುತ್ತಾರೆ. ಒಂದು ಕಥೆ ಮುಗಿಯಲು ರಾತ್ರಿಗಳೇ ಬೇಕು. ಕೇಳುವವರು ತೂಕಡಿಸಿದರೆ ರಾಗ ಬದಲಿಸಬೇಕು, ಎದ್ದು ಹೊರಟರೆ ನಗಿಸಿ ಕೂರಿಸಬೇಕು, ಎಲ್ಲಿ ಬಿಟ್ಟಿತ್ತೋ ಮರುದಿನ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಇದನ್ನು ಆರು ತಿಂಗಳ ಕೋರ್ಸಿನಲ್ಲಿ ಕಲಿಯಲಾಗದು. ಹಿರಿಯರ ಬೆನ್ನಿಗೆ ಬಿದ್ದು, ಹತ್ತು ಹದಿನೈದು ವರ್ಷ ದನಿಗೂಡಿಸಿ, ಬೈಸಿಕೊಂಡು ಬರುವ ವಿದ್ಯೆ. ಹೊಸ ತಲೆಮಾರು ಕಳೆದುಕೊಂಡಿರುವುದು ಹೀಗೆ ಪಳಗುವ ತಾಳ್ಮೆಯನ್ನು. ಮೇಸ್ತ್ರಿಯ ಕೈಕೆಳಗೆ ಮೂರು ವರ್ಷ ಇರದೆ ಗೋಡೆ ಏರಿಸಲು ಹೋಗುವವರು, ಎರಡು ವಿಡಿಯೊ ನೋಡಿ ಮೋಟಾರು ಬಿಚ್ಚುವವರು ಎಲ್ಲ ಕಡೆ ಇದ್ದಾರೆ. ಇದು ದೊಡ್ಡ ನಷ್ಟ. ಇದನ್ನು ಒಪ್ಪದೆ ಯುವಜನರ ಪರ ಮಾತಾಡುವುದು ಅವರಿಗೇ ಮಾಡುವ ಮೋಸ.

ಆದರೆ ಈರಮ್ಮನ ಬಾಳನ್ನು ಪೂರ್ತಿ ನೋಡಿದರೆ ಈ ತಾಳ್ಮೆಯನ್ನು ನಾವು ಹೇಗೆ ನಡೆಸಿಕೊಂಡೆವು ಎಂಬುದೂ ತಿಳಿಯುತ್ತದೆ. ಊರೂರು ತಿರುಗಿ, ಕಥೆ ಹೇಳಿ, ಕಾಳು ಕಡಿ ಬೇಡಿ ತರುವ ಬದುಕು. ಮಹಾಕಾವ್ಯ ಹಾಡುವುದನ್ನು ಊರು ದುಡಿಮೆ ಎನ್ನಲಿಲ್ಲ, ಭಿಕ್ಷೆ ಎಂದಿತು. ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 1999ರಲ್ಲಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿ ಬಂದದ್ದು 2003ರಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು. ಎಪ್ಪತ್ತರ ತನಕ ಕಾಯಬೇಕಾದ ಗೌರವಕ್ಕಾಗಿ ಬಾಲ್ಯದಿಂದ ತಂಬೂರಿ ಹಿಡಿ ಎಂದು ಒಬ್ಬ ಮೊಮ್ಮಗಳಿಗೆ ಹೇಳುವ ಧೈರ್ಯ ಯಾರಿಗಿದೆ? ಅವಳು ಶಾಲೆಗೆ ಹೋಗುವುದೇ ಸರಿ. ಕಲಿಯುವ ವರ್ಷಗಳಿಗೆ ಕೂಲಿ ಕೊಡದ ಸಮಾಜದಲ್ಲಿ ತಾಳ್ಮೆ ಉಳ್ಳವರಿಗೆ ಮಾತ್ರ ಎಟುಕುವ ಸೊತ್ತಾಗುತ್ತದೆ.

ಕಾಯಕ ತತ್ವದ ನಾಡು ನಮ್ಮದು ಎಂದು ಈ ಚರ್ಚೆಯಲ್ಲಿ ಹೇಳುವುದು ರೂಢಿ. ಹೇಳಬೇಕು. ಜೊತೆಗೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನೂ ನೆನೆಯಬೇಕು. ಗಂಡ ಮಾರಯ್ಯ ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮ ಪಾಲಲ್ಲ, ಹಿಂದಕ್ಕೆ ಸುರಿದು ಬಾ ಎಂದವಳು ಲಕ್ಕಮ್ಮ. ಶರಣರ ಕಾಯಕಕ್ಕೆ ದುಡಿಯುವ ಕಡೆ ಎಷ್ಟು ನಿಯಮವಿತ್ತೋ ತೆಗೆದುಕೊಳ್ಳುವ ಕಡೆಯೂ ಅಷ್ಟೇ ನಿಯಮವಿತ್ತು. ನಾವು ಮೊದಲಿನರ್ಧವನ್ನು ಆಳಿಗೂ ಕಾರ್ಮಿಕನಿಗೂ ಬೋಧಿಸುತ್ತೇವೆ. ಎರಡನೆಯರ್ಧವನ್ನು ಗಣಿ ಧಣಿಗಳಿಗೆ ಬೋಧಿಸಿದ್ದನ್ನು ನಾನು ಕೇಳಿಲ್ಲ. ಗುಡ್ಡಗಳನ್ನೇ ಹೊತ್ತು ಹೋದವರಿಗೆ ‘ಹಿಂದಕ್ಕೆ ಸುರಿದು ಬಾ’ ಎಂದು ಹೇಳಿದ್ದು ಕೊನೆಗೆ ನ್ಯಾಯಾಲಯ.

ಯುವಜನರಿಗೂ ಒಂದೆರಡು ಮಾತು ಹೇಳಲೇಬೇಕು. ಕ್ರಿಕೆಟ್ ಬೆಟ್ಟಿಂಗ್ ಈ ಸೀಮೆಯ ಹುಡುಗರನ್ನು ನುಂಗುತ್ತಿದೆ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ 2025ರ ಆಗಸ್ಟ್‌ನಲ್ಲಿ ಕಾನೂನು ತಂದು ನಿಷೇಧಿಸಿತು. ಚಟ ಕಾನೂನಿಗೆ ಹೆದರಿ ಹೋಗುವುದಿಲ್ಲ. ಅದಿರಿನ ಕಾಲದಲ್ಲಿ ಒಂದು ರಾತ್ರಿಯಲ್ಲಿ ಶ್ರೀಮಂತರಾದವರ ಕಥೆಗಳು ಇನ್ನೂ ಬಾಯಲ್ಲಿವೆ, ಅವು ಹುಡುಗರ ತಲೆ ಕೆಡಿಸಿವೆ. ಆ ಶ್ರೀಮಂತಿಕೆಯ ಕೊನೆ ಏನಾಯಿತೆಂದು ಮನೆಯಲ್ಲೇ ಕಂಡಿದ್ದೀರಿ ತಮ್ಮಾ, ಮತ್ತೆ ಅದೇ ದಾರಿಗೆ ಬೀಳಬೇಡಿ. ಬೈಕಿನ ಕಂತಿಗಾಗಿ ಕಲಿಕೆಯನ್ನು ಅರ್ಧಕ್ಕೆ ಬಿಡಬೇಡಿ. ಕೈಗೆ ಕಸುಬು ಬರುವ ತನಕದ ಎರಡು ಮೂರು ವರ್ಷ ಕಷ್ಟದ್ದು. ಆ ಕಷ್ಟವನ್ನು ಯಾವ ಮೊಬೈಲೂ ಕಡಿಮೆ ಮಾಡಿಕೊಡುವುದಿಲ್ಲ.

ಆ ಎರಡು ಮೂರು ವರ್ಷಕ್ಕೆ ಆಸರೆ ಕೊಡುವ ದುಡ್ಡು ಈ ಸೀಮೆಯಲ್ಲಿ ಇಲ್ಲ ಎನ್ನುವಂತಿಲ್ಲ. 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿಗಳಿಂದ ಪಾಲು ಸೇರುತ್ತಿದೆ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು 2014ರಲ್ಲಿ ಸ್ಥಾಪಿಸಿದ ನಿಗಮದ ಬಳಿ ಸಾವಿರಾರು ಕೋಟಿ ರೂಪಾಯಿ ಇದೆ. ಕಟ್ಟಡ, ರಸ್ತೆ, ಕಮಾನುಗಳಿಗೆ ಹೋಗುವ ಅದರ ಒಂದು ಭಾಗ ಮನುಷ್ಯರ ಕೈಗೆ ಹೋಗಲಿ. ಸಂಡೂರು, ಕಂಪ್ಲಿ, ಹೊಸಪೇಟೆಯ ಪ್ರತಿ ಹುಡುಗ ಹುಡುಗಿಗೆ ವೆಲ್ಡಿಂಗ್ ಇರಲಿ, ಕಸೂತಿ ಇರಲಿ, ಬುರ್ರಕಥೆ ಇರಲಿ, ಬಲ್ಲವರ ಕೈಕೆಳಗೆ ಕಲಿಯುವ ಅವಧಿಗೆ ಬದುಕಲು ಸಾಲುವಷ್ಟು ಸಂಬಳ ಕೊಡಬೇಕು, ಕಲಿಸುವವರಿಗೂ ಕೊಡಬೇಕು. ಕಾರ್ಖಾನೆಗಳು ಗುತ್ತಿಗೆ ಕಾರ್ಮಿಕನ ಸೇವಾ ವರ್ಷಗಳನ್ನು ಗುತ್ತೇದಾರ ಬದಲಾದರೂ ಮುಂದುವರಿಸಬೇಕು, ಹೇಳಿದ ತಾರೀಖಿಗೆ ಪಗಾರ ಹಾಕಬೇಕು. ಈ ಬೇಡಿಕೆಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾಡಳಿತಕ್ಕೆ ಕಳಿಸಿ. ಸಭೆಗೆ ಹೋಗುವಾಗ ಕಟ್ಟೆ ಮೇಲೆ ಕೂತ ಹುಡುಗರನ್ನೂ, ಮನೆಯೊಳಗಿರುವ ಹುಡುಗಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಮಾತಾಡಲು ಬಿಡಿ.